‘ಮಗುವಿನಂತೆ ನಂಬು’ ಅಂದರೆ ಪ್ರಶ್ನೆ ಕೇಳಬೇಡ ಅಂತಲಾ?

ಭಾನುವಾರದ ಟೀಚರ್:

ಎಲ್ಲರಿಗೂ ವಂದನೆ. ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡ್ತಿದ್ದೀನಿ. ಹೋದ ವಾರ ಮತ್ತಾಯ 18ನೇ ಅಧ್ಯಾಯ ಬಂತು. ಪರಲೋಕರಾಜ್ಯದಲ್ಲಿ ಯಾರು ದೊಡ್ಡವರು ಅಂತ ಶಿಷ್ಯರು ಕೇಳ್ತಾರೆ. ಯೇಸು ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸಿ, ನೀವು ತಿರುಗಿಕೊಂಡು ಚಿಕ್ಕ ಮಕ್ಕಳಂತಾಗದಿದ್ದರೆ ಒಳಗೆ ಸೇರುವುದೇ ಇಲ್ಲ ಅಂತಾರೆ. ಈ ಪಾಠ ಎಷ್ಟು ಸಲ ಮಾಡಿದ್ದೀನೋ ಲೆಕ್ಕ ಇಲ್ಲ. ಮಕ್ಕಳ ಮನಸ್ಸು ಶುದ್ಧ, ಮಕ್ಕಳು ಸಂಶಯಪಡಲ್ಲ, ನಾವೂ ಹಾಗೇ ನಂಬಬೇಕು ಅಂತ ಹೇಳಿ, ಬಣ್ಣ ಹಚ್ಚೋಕೆ ಒಂದು ಚಿತ್ರ ಕೊಟ್ಟು ಮುಗಿಸೋದು ರೂಢಿ.

ಈ ಸಲ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು. ಅವಳ ಅಜ್ಜ ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರು ಆಸ್ಪತ್ರೆಯಲ್ಲಿದ್ದಾಗ ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು ಅವಳಿಗೆ, “ದೊಡ್ಡವರ ಪ್ರಾರ್ಥನೆಗಿಂತ ನಿನ್ನದು ಬೇಗ ಮುಟ್ಟುತ್ತೆ, ಸಂಶಯಪಡದೆ ಕೇಳು” ಅಂದಿದ್ದರಂತೆ. ಅವಳು ದಿನಾ ರಾತ್ರಿ ಕೇಳಿದ್ದಾಳೆ. ಈಗ ನನ್ನ ಕೇಳಿದಳು: “ಟೀಚರ್, ನಾನು ಮಗುನೇ ಅಲ್ವಾ? ಮತ್ತೆ ಯಾಕಾಗಲಿಲ್ಲ? ನಾನು ಸರಿಯಾಗಿ ನಂಬಲಿಲ್ವಾ?”

ನನ್ನ ಹತ್ರ ಉತ್ತರ ಇರಲಿಲ್ಲ. ಚಿತ್ರ ಕೈಗೆ ಕೊಟ್ಟೆ. ಹೊಂಬಣ್ಣದ ಕೂದಲಿನ ಮಗು ಯೇಸುವಿನ ತೊಡೆಯ ಮೇಲೆ ಕೂತಿರೋ ಅದೇ ಚಿತ್ರ, ಪಕ್ಕದಲ್ಲಿ ಎರಡು ಕುರಿಮರಿ. ಅವಳು ನೀಲಿ ಕ್ರೇಯಾನ್ ಹಿಡಿದು ಆಕಾಶಕ್ಕೆ ಬಣ್ಣ ಹಚ್ಚುತ್ತಾ ಹಚ್ಚುತ್ತಾ ಒತ್ತಿದಳು, ಕಾಗದ ಅಲ್ಲೇ ಹರಿದುಹೋಯಿತು. ಆ ಕಾಗದ ಇನ್ನೂ ನನ್ನ ಬೈಬಲಿನೊಳಗಿದೆ.

ಬರುವ ಭಾನುವಾರ ಅವಳ ಮುಂದೆ ನಿಲ್ಲಬೇಕು. ಈ ವಾಕ್ಯದಲ್ಲಿ ಮಗು ಅಂದರೆ ಏನು? ಶುದ್ಧ ಮನಸ್ಸೋ, ಮರುಮಾತಿಲ್ಲದ ನಂಬಿಕೆಯೋ, ಬೇರೆ ಏನಾದರೂ ಇದೆಯೋ? ತಿಳಿದವರು ದಯವಿಟ್ಟು ಹೇಳಿ.

ಕುಡ್ಲದ ಓದುಗ:

ಟೀಚರೇ, ಮೊದಲು ಆ ಮಗುವಿಗೆ ಹೇಳಿ, ಅವಳ ನಂಬಿಕೆಯಲ್ಲಿ ಕೊರತೆ ಇರಲಿಲ್ಲ ಅಂತ. ಉಳಿದದ್ದೆಲ್ಲ ಆಮೇಲೆ.

ಇನ್ನು ವಾಕ್ಯದ ವಿಷಯ. ಇದೇ ಪ್ರಸಂಗವನ್ನು ಮಾರ್ಕನ 9ನೇ ಅಧ್ಯಾಯದಲ್ಲಿ ಓದಿ ನೋಡಿ. ಮಾರ್ಕ ಸ್ವಲ್ಪ ಹಿಂದಿನಿಂದ ಶುರು ಮಾಡುತ್ತಾನೆ. ದಾರಿಯುದ್ದಕ್ಕೂ ಶಿಷ್ಯರು ನಮ್ಮಲ್ಲಿ ಯಾರು ದೊಡ್ಡವರು ಅಂತ ಜಗಳವಾಡಿಕೊಂಡು ಬಂದಿದ್ದಾರೆ. ಕಪೆರ್ನೌಮಿನಲ್ಲಿ ಮನೆಯೊಳಗೆ ಬಂದ ಮೇಲೆ ಯೇಸು, ದಾರಿಯಲ್ಲಿ ಏನು ಮಾತಾಡ್ತಾ ಇದ್ದಿರಿ ಅಂತ ಕೇಳಿದರೆ ಒಬ್ಬರೂ ಬಾಯಿಬಿಡುವುದಿಲ್ಲ. ನಾಚಿಕೆಯಾಗಿದೆ. ಆಗ ಯೇಸು ಕೂತುಕೊಂಡು ಹನ್ನೆರಡು ಮಂದಿಯನ್ನೂ ಕರೆದು, ಮೊದಲನೆಯವನಾಗಬೇಕು ಅನ್ನುವವನು ಎಲ್ಲರಿಗಿಂತ ಕಡೆಯವನೂ ಎಲ್ಲರ ಸೇವಕನೂ ಆಗಲಿ ಅನ್ನುತ್ತಾರೆ. ಮಗು ಬರುವುದು ಅದಾದ ಮೇಲೆ. ಅದನ್ನು ನಡುವೆ ನಿಲ್ಲಿಸಿ, ಆಮೇಲೆ ಅಪ್ಪಿಕೊಳ್ಳುತ್ತಾರೆ. ಈ ಅಪ್ಪಿಕೊಂಡದ್ದನ್ನು ಮಾರ್ಕ ಒಬ್ಬನೇ ಬರೆದದ್ದು.

ಗಮನಿಸಿ, ಆ ಮಗು ಒಂದು ಮಾತೂ ಆಡುವುದಿಲ್ಲ. ಅದಕ್ಕೆ ಹೆಸರಿಲ್ಲ, ಗಂಡೋ ಹೆಣ್ಣೋ ತಿಳಿಯದು. ನೀನು ನಂಬುತ್ತೀಯಾ ಅಂತ ಯಾರೂ ಅದನ್ನು ಕೇಳಲಿಲ್ಲ. ಅದರ ಶುದ್ಧತೆಯನ್ನು ಯಾರೂ ಹೊಗಳಲಿಲ್ಲ. ಕರೆದರು, ಬಂತು, ಅಪ್ಪಿಕೊಂಡರು, ಅಷ್ಟೇ.

ಸೇವಕ ಅಂದ ಬಾಯಲ್ಲೇ ಮಗು ಯಾಕೆ ಬಂತು ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ನಮ್ಮ ಕಡೆಯ ಮಾತಲ್ಲೇ ಉತ್ತರ ಇತ್ತು. ಇಲ್ಲಿ ‘ಮಾಣಿ’ ಅಂದರೆ ಮನೆಯ ಹುಡುಗ, ಹೋಟೆಲಿನಲ್ಲಿ ಟೇಬಲ್ ಒರೆಸಿ ನೀರಿಡುವವನೂ ಮಾಣಿಯೇ. ಐವತ್ತು ವರ್ಷವಾದರೂ ಮಾಣಿ. ಅಂಗಡಿ ಹುಡುಗ, ಆಫೀಸ್ ಹುಡುಗ ಅನ್ನುವುದೂ ಹೀಗೇ ಅಲ್ಲವೇ? ಯಾರನ್ನು ಕರೆದರೆ ಓಡಿ ಬರಬೇಕೋ, ಯಾರಿಗೆ ಕುರ್ಚಿ ಇಲ್ಲವೋ ಅವರೇ ‘ಹುಡುಗ’.

ಗ್ರೀಕ್ ಕಲಿಯುತ್ತಿರುವವನು:

ಮಾಣಿ ಹೋಲಿಕೆ ಓದಿ ಬಹಳ ಸಂತೋಷವಾಯಿತು, ಏಕೆಂದರೆ ಗ್ರೀಕಿನಲ್ಲೂ ಹಾಗೇ. ‘ಪೈಸ್’ ಅಂದರೆ ಹುಡುಗ, ಯಾವ ವಯಸ್ಸಿನ ಗುಲಾಮನಾದರೂ ಪೈಸ್. ಮತ್ತಾಯ 18ರಲ್ಲಿ ಇರುವುದು ಅದರಿಂದಲೇ ಆದ ‘ಪೈದಿಯೋನ್’, ಪುಟ್ಟ ಮಗು. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ‘ತಲ್ಯಾ’ ಎಂಬ ಒಂದೇ ಪದ ಹುಡುಗನಿಗೂ ಸೇವಕನಿಗೂ ಸಲ್ಲುತ್ತದೆ. ಮಾರ್ಕ 5ರಲ್ಲಿ ಯೇಸು ಸತ್ತ ಹುಡುಗಿಗೆ ಹೇಳಿದ ‘ತಲಿಥಾ ಕೂಮ್’ (ಹುಡುಗಿ, ಏಳು) ನೆನಪಿದೆಯಲ್ಲ, ಅದೇ ಮೂಲ.

ಆ ಕಾಲದಲ್ಲಿ ಮಗು ಅಂದರೆ ಏನು ಅನ್ನುವುದಕ್ಕೆ ಒಂದು ಕಾಗದ ಹೇಳುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್, ಕ್ರಿಸ್ತಪೂರ್ವ 1ನೇ ವರ್ಷದ್ದು. ಹಿಲಾರಿಯೋನ್ ಎಂಬ ಕೂಲಿಯವನು ಅಲೆಕ್ಸಾಂಡ್ರಿಯಾದಿಂದ ಮನೆಯಲ್ಲಿದ್ದ ಹೆಂಡತಿ ಆಲಿಸಳಿಗೆ ಬರೆದದ್ದು. ಚಿಂತೆ ಮಾಡಬೇಡ, ಸಂಬಳ ಬಂದ ಕೂಡಲೇ ಕಳಿಸುತ್ತೇನೆ, ಪುಟ್ಟ ಮಗುವನ್ನು ನೋಡಿಕೋ ಅನ್ನುತ್ತಾನೆ. ಅಲ್ಲಿರುವುದೂ ‘ಪೈದಿಯೋನ್’ ಎಂಬ ಪದವೇ. ಮುಂದಿನ ಸಾಲಿನಲ್ಲಿ, ನಿನಗೆ ಹೆರಿಗೆಯಾಗಿ ಗಂಡಾದರೆ ಇರಲಿ, ಹೆಣ್ಣಾದರೆ ಹೊರಗೆ ಹಾಕು ಅನ್ನುತ್ತಾನೆ. ಅದರ ಹಿಂದೆಯೇ, ನನ್ನನ್ನು ಮರೆಯಬೇಡ ಅಂದೆಯಂತೆ, ನಿನ್ನನ್ನು ನಾನು ಹೇಗೆ ಮರೆಯಲಿ ಅಂತಲೂ ಇದೆ.

ಅವನು ರಾಕ್ಷಸನಲ್ಲ. ಹೆಂಡತಿಯ ಮೇಲೆ ಪ್ರೀತಿ ಇದ್ದ ಮನುಷ್ಯನೇ. ಆ ಲೋಕದಲ್ಲಿ ಕೂಸು ಉಳಿಯಬೇಕೋ ಬೇಡವೋ ಅನ್ನುವುದು ಮನೆಯ ಯಜಮಾನನ ತೀರ್ಮಾನ. ಮಗುವಿಗೆ ತನ್ನದು ಅನ್ನುವ ಹಕ್ಕು ಯಾವುದೂ ಇಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂಥ ಮಗುವನ್ನು ನನ್ನ ಹೆಸರಿನಲ್ಲಿ ಸೇರಿಸಿಕೊಳ್ಳುವವನು ನನ್ನನ್ನು ಸೇರಿಸಿಕೊಳ್ಳುತ್ತಾನೆ ಎಂಬ 5ನೇ ವಚನ ಓದಿ. ನಾವು 3 ಮತ್ತು 4ನ್ನು ಬಾಯಿಪಾಠ ಮಾಡಿಸುತ್ತೇವೆ, 5ಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮುಂದೆ ಸಭೆ ಬೆಳೆದಾಗ, ಹುಟ್ಟಿದ ಕೂಸನ್ನು ಕೊಲ್ಲಬಾರದು ಅಂತ ‘ದಿದಖೆ’ ಎಂಬ ಬಹಳ ಹಳೆಯ ಬೋಧನಾ ಪುಸ್ತಕದಲ್ಲೇ ಬರೆದಿಟ್ಟರು.

ಶುದ್ಧ ಮನಸ್ಸಿನ ಬಗ್ಗೆ: ಸಂತ ಆಗಸ್ಟೀನ್ ತನ್ನ ‘ಕನ್ಫೆಷನ್ಸ್’ನ ಮೊದಲ ಭಾಗದಲ್ಲಿ, ಇನ್ನೂ ಮಾತು ಬಾರದ ಕೂಸೊಂದು ಜೊತೆಯಲ್ಲಿ ಹಾಲು ಕುಡಿಯುತ್ತಿದ್ದ ಇನ್ನೊಂದು ಕೂಸನ್ನು ಹೊಟ್ಟೆಕಿಚ್ಚಿನಿಂದ ಬಿಳಿಚಿಕೊಂಡು ನೋಡುತ್ತಿದ್ದದ್ದನ್ನು ಬರೆಯುತ್ತಾನೆ. ಕೂಸುಗಳು ಕೇಡು ಮಾಡದಿರುವುದು ಕೈಕಾಲಿಗೆ ಶಕ್ತಿ ಇಲ್ಲದ್ದಕ್ಕೆ ಅನ್ನುತ್ತಾನೆ. ಅದೇ ಭಾಗದ ಕೊನೆಗೆ, ಯೇಸು ಮೆಚ್ಚಿ ತೋರಿಸಿದ್ದು ಮಗುವಿನ ಎತ್ತರವನ್ನು, ಅದೇ ದೀನತೆಯ ಗುರುತು ಅನ್ನುತ್ತಾನೆ. ಮಗುವಿನ ಗುಣ ಅಲ್ಲ, ಎತ್ತರ. ನನಗೆ ಈ ಮಾತು ಬಹಳ ಮುಖ್ಯ ಅನಿಸುತ್ತದೆ.

ಕೇರಿಯಿಂದ ಬಂದವನು:

ಎಲ್ಲ ಓದಿದೆ. ನನ್ನ ಮಾತು ಒರಟಾದರೆ ಕ್ಷಮಿಸಿ, ಆದರೆ ಹೇಳದೆ ಇರಲಾರೆ.

ನಮ್ಮ ತಾತನಿಗೆ ಅರವತ್ತು ದಾಟಿತ್ತು. ಊರ ದೊಡ್ಡ ಮನೆಯ ಹತ್ತು ವರ್ಷದ ಹುಡುಗ ಅವರನ್ನು “ಏ ಬಾರೋ ಇಲ್ಲಿ” ಅಂತ ಕರೀತಿದ್ದ. ತಾತ ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ನಿಲ್ಲುತ್ತಿದ್ದರು. ಆ ಟವೆಲು ತೆಗೆಯುವುದನ್ನು ನಾನು ಕಣ್ಣಾರೆ ನೋಡಿದ್ದೀನಿ. ಜೀವನಪೂರ್ತಿ ಅವರನ್ನು ಮಗುವಾಗಿಯೇ ಇಟ್ಟರು. ದೇವಾಲಯಕ್ಕೆ ಬಂದರೆ ಅಲ್ಲಿಯೂ ಉಪದೇಶ ಇದೇ: ತಗ್ಗಿಸಿಕೊಳ್ಳಿ, ಮಕ್ಕಳಂತಾಗಿ. ಹೇಳುವವರು ಮುಂದಿನ ಸಾಲಿನವರು, ಕೇಳುವವರು ಹಿಂದಿನ ಸಾಲಿನವರು. ಇನ್ನೆಷ್ಟು ತಗ್ಗಬೇಕು ನಾವು? ನೆಲದ ಕೆಳಗೆ ಜಾಗ ಇದೆಯಾ?

ಈ ವಾಕ್ಯದ ಮೇಲೆ ಉಪದೇಶ ಶುರುವಾದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ನಂಬಿಕೆ ಬಿಟ್ಟಿಲ್ಲ. ಈ ವಾಕ್ಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಕುಡ್ಲದ ಓದುಗ:

ಅಣ್ಣಾ, ನಿಮ್ಮ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನಾನು ‘ಐವತ್ತು ವರ್ಷವಾದರೂ ಮಾಣಿ’ ಅಂತ ಸಲೀಸಾಗಿ ಬರೆದೆ. ಅದರ ಭಾರ ಹೊತ್ತವರ ಮನೆಯಿಂದ ನೀವು ಬರೆಯುತ್ತಿದ್ದೀರಿ.

ಒಂದು ಮಾತು ಕೇಳಲೇ? ತಗ್ಗಿಸಿಕೋ ಅಂತ ಯೇಸು ಹೇಳಿದ್ದು ಯಾರಿಗೆ? ದೊಡ್ಡ ಸ್ಥಾನ ಯಾರಿಗೆ ಅಂತ ಜಗಳವಾಡಿಕೊಂಡು ಬಂದ ಹನ್ನೆರಡು ಗಂಡಸರಿಗೆ. ಆ ಮಗುವಿಗೆ, ನೀನು ತಗ್ಗಿಸಿಕೋ ಅಂತ ಹೇಳಲಿಲ್ಲ. ಅದನ್ನು ಕರೆದು ನಡುವೆ ನಿಲ್ಲಿಸಿದರು. ಮತ್ತಾಯ, ಮಾರ್ಕ ಇಬ್ಬರೂ ‘ನಡುವೆ’ ಎಂಬ ಪದವನ್ನು ಬಿಟ್ಟಿಲ್ಲ. ಲೂಕನಂತೂ ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡರು ಅಂತ ಬರೆಯುತ್ತಾನೆ. ನಿಮ್ಮ ತಾತ ಆ ಮನೆಯಲ್ಲಿ ಇದ್ದಿದ್ದರೆ ಅವರ ಜಾಗ ಯಾವುದು? ಆ ನಡುವಿನ ಜಾಗವೇ ಅಂತ ನನಗೆ ಕಾಣುತ್ತದೆ. ತಗ್ಗಬೇಕಾದವರು ಟವೆಲು ತೆಗೆಸಿದವರು.

ಹಿಂದಿನ ಸಾಲಿನವರಿಗೆ ಈ ವಾಕ್ಯವನ್ನು ತಗ್ಗುವ ಆಜ್ಞೆಯಾಗಿ ಓದಿ ಹೇಳುವುದು ತಪ್ಪು ವಿಳಾಸಕ್ಕೆ ಹಾಕಿದ ಕಾಗದ. ಅದನ್ನು ನಮ್ಮ ಮುಂದಿನ ಸಾಲುಗಳಲ್ಲಿ ಕೂತವರು ಬಿಡಿಸಿ ಓದಿಕೊಳ್ಳಬೇಕಿತ್ತು. ನಾನೂ ಅವರಲ್ಲೊಬ್ಬ.

ಗ್ರೀಕ್ ಕಲಿಯುತ್ತಿರುವವನು:

ಇದಕ್ಕೆ ಸೇರಿಸುವುದು ಸ್ವಲ್ಪ ಇದೆ. ಮತ್ತಾಯ 18:4ರ ‘ತಗ್ಗಿಸಿಕೊಳ್ಳು’ ಅನ್ನುವ ಗ್ರೀಕ್ ಕ್ರಿಯಾಪದ ಬಂದದ್ದು ‘ತಪೈನೋಸ್’ ಎಂಬ ಪದದಿಂದ; ಅಂದರೆ ತಗ್ಗಾದದ್ದು, ಕೀಳಾದದ್ದು. ಗ್ರೀಕ್ ಲೋಕದಲ್ಲಿ ಸಾಮಾನ್ಯವಾಗಿ ಅದು ಗುಣವಲ್ಲ, ಸ್ಥಿತಿ, ಅದರಲ್ಲೂ ನಾಚಿಕೆಯ ಸ್ಥಿತಿ. ಯೇಸುವಿನ ತಾಯಿ ಮರಿಯಳ ಹಾಡಿನಲ್ಲಿ, ಲೂಕ 1:52, ದೇವರು ಬಲಿಷ್ಠರನ್ನು ಸಿಂಹಾಸನದಿಂದ ಇಳಿಸಿ ಮೇಲೆತ್ತುವುದು ಈ ತಪೈನೋಸ್ ಜನರನ್ನೇ. ಅಲ್ಲಿ ಅವರಿಗೆ ಇನ್ನೂ ತಗ್ಗಿ ಅನ್ನುವ ಮಾತಿಲ್ಲ. ಫಿಲಿಪ್ಪಿ 2ರಲ್ಲಿ ತನ್ನನ್ನು ತಗ್ಗಿಸಿಕೊಂಡ ಕ್ರಿಸ್ತ ದೇವರ ಸ್ವರೂಪದಲ್ಲಿದ್ದವನು. ಇಳಿಯುವ ಮಾತು ಬರುವುದು ಎತ್ತರದಲ್ಲಿರುವವನಿಗೆ.

ಕನ್ನಡದ ‘ದೀನತೆ’ ಈ ವಿಷಯದಲ್ಲಿ ನಮಗೆ ಸ್ವಲ್ಪ ತೊಂದರೆ ಕೊಟ್ಟಿದೆ ಅನಿಸುತ್ತದೆ. ದೀನ ಅಂದ ಕೂಡಲೇ ಕೈಚಾಚಿ ನಿಂತವನ ಚಿತ್ರ ಬರುತ್ತದೆ. ನಮ್ಮ ಬೈಬಲಿನ ‘ತನ್ನನ್ನು ತಗ್ಗಿಸಿಕೊಳ್ಳುವವನು’ ಅನ್ನುವುದು ಎಷ್ಟೋ ಸರಿ. ತಗ್ಗಿಸಿಕೊಳ್ಳುವುದು, ಇನ್ನೊಬ್ಬರಿಂದ ತಗ್ಗಿಸಲ್ಪಡುವುದು ಒಂದೇ ಅಲ್ಲ.

ವಾರ್ಡಿನ ಅಕ್ಕ:

ನಾನು ಗಲ್ಫ್‌ನಲ್ಲಿ ಮಕ್ಕಳ ವಾರ್ಡಿನ ನರ್ಸ್. ಗ್ರೀಕ್ ಗೊತ್ತಿಲ್ಲ, ಮಕ್ಕಳು ಗೊತ್ತು.

ಮಕ್ಕಳು ಪ್ರಶ್ನೆ ಕೇಳಲ್ಲ ಅಂತ ಯಾರು ಹೇಳಿದ್ದು? ಇದು ಯಾಕೆ, ಚುಚ್ಚುತ್ತಾ, ಎಷ್ಟು ಸಲ, ಅಮ್ಮ ಎಲ್ಲಿ, ಯಾಕೆ ಎರಡನೇ ಸಲ? ಇಡೀ ರಾತ್ರಿ ಇದೇ. ನಾಲ್ಕು ವರ್ಷದ ಒಂದು ಮಗುವಿಗೆ ಐವಿ ಹಾಕುವಾಗ ಅಪ್ಪನೇ ಅದರ ಕೈ ಹಿಡಿದುಕೊಂಡಿದ್ದರು. ಅದು ಅಪ್ಪನ ಎದೆಗೇ ಗುದ್ದಿತು, “ನೀನು ಕೆಟ್ಟವನು” ಅಂತ ಕಿರುಚಿತು. ಸೂಜಿ ಒಳಗೆ ಹೋದ ಕ್ಷಣ ಅದು ಮುಖ ಮುಚ್ಚಿಕೊಂಡದ್ದು ಎಲ್ಲಿ? ಅದೇ ಅಪ್ಪನ ಕುತ್ತಿಗೆಯಲ್ಲಿ. ನೋವು ಕೊಡಿಸಿದವನ ಮೇಲೆ ಸಿಟ್ಟು, ಆದರೂ ಓಡಿಹೋಗುವುದು ಅವನ ಹತ್ತಿರವೇ. ನನಗೆ ‘ಮಗುವಿನ ನಂಬಿಕೆ’ ಅಂದಾಗ ಕಣ್ಣ ಮುಂದೆ ಬರೋದು ಅದು. ಸುಮ್ಮನಿರುವ ಮಗು ಬಂದರೆ ನಮಗೆ ವಾರ್ಡಿನಲ್ಲಿ ಭಯವಾಗುತ್ತೆ. ಅಳದ ಮಗುವನ್ನೇ ಹೆಚ್ಚು ಗಮನಿಸಿ ನೋಡ್ತೀವಿ.

ಟೀಚರ್, ನಿಮ್ಮ ಹುಡುಗಿ ನಿಮ್ಮನ್ನು ಕೇಳಿದಳಲ್ಲ, ಕ್ರೇಯಾನ್ ಒತ್ತಿದಳಲ್ಲ, ಅವಳ ನಂಬಿಕೆ ಜೀವಂತವಾಗಿದೆ.

ಗುರುವಾರದ ಭಕ್ತೆ:

ನಮ್ಮ ಮನೆಯವರೆಲ್ಲ ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗುವವರು. ಅದನ್ನು ನೋಡಿಕೊಳ್ಳುವವರು ಕಾರ್ಮೆಲ್ ಎಂಬ ಸನ್ಯಾಸಿ ಸಭೆಯ ಗುರುಗಳು. ಆ ಸಭೆಯವಳೇ ಆದ ಲಿಸ್ಯೂವಿನ ಸಂತ ತೆರೇಸಾಳ ಹೆಸರು ಇಲ್ಲಿ ಇನ್ನೂ ಬಂದಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. ಸಭೆಯಲ್ಲಿ ಅವಳ ಪೂರ್ತಿ ಹೆಸರೇ ಬಾಲಯೇಸುವಿನ ಮತ್ತು ಪವಿತ್ರ ಮುಖದ ತೆರೇಸಾ.

ಹುಟ್ಟಿದ್ದು 1873ರಲ್ಲಿ ಫ್ರಾನ್ಸಿನ ಅಲಾಂಸೋನ್‌ನಲ್ಲಿ. ನಾಲ್ಕು ವರ್ಷಕ್ಕೆ ತಾಯಿ ಹೋದರು. ಹದಿನೈದಕ್ಕೆ, 1888ರಲ್ಲಿ, ಕಾನ್ವೆಂಟು ಸೇರಿದಳು. ಕ್ಷಯದಿಂದ 1897ರ ಸೆಪ್ಟೆಂಬರ್ 30ರಂದು ಸತ್ತಾಗ ಇಪ್ಪತ್ತನಾಲ್ಕು. ದೊಡ್ಡ ಕೆಲಸ ಅಂತ ಏನೂ ಮಾಡಲಿಲ್ಲ. ಬಟ್ಟೆ ಒಗೆಯುವಾಗ ಎದುರಿಗಿದ್ದ ಸಿಸ್ಟರ್ ಪ್ರತಿಸಲವೂ ಕೊಳೆನೀರು ಮುಖಕ್ಕೆ ಹಾರಿಸುತ್ತಿದ್ದರಂತೆ. ಹಿಂದೆ ಸರಿದು ಮುಖ ಒರೆಸಿಕೊಂಡು ತೋರಿಸಬೇಕು ಅಂತ ಮೊದಲು ಅನಿಸಿತು, ಆಮೇಲೆ ಸುಮ್ಮನೆ ಅಲ್ಲೇ ನಿಂತೆ ಅಂತ ಬರೆದಿದ್ದಾಳೆ. ಇಂಥವೇ ಅವಳ ಸಾಧನೆಗಳು. 1925ರಲ್ಲಿ ಸಂತಳೆಂದು ಸಾರಿದರು, 1997ರಲ್ಲಿ ಸಂತ ಎರಡನೇ ಜಾನ್ ಪಾಲ್ ಅವಳನ್ನು ಧರ್ಮಸಭೆಯ ಪಂಡಿತಳೆಂದು ಘೋಷಿಸಿದರು.

ಅವಳ ಒಂದು ಮಾತು ನನಗೆ ಬಹಳ ಇಷ್ಟ. ಪರಿಪೂರ್ಣತೆಯ ಮೆಟ್ಟಿಲು ಬಹಳ ಕಡಿದಾಗಿದೆ, ನಾನು ಬಹಳ ಚಿಕ್ಕವಳು, ಹತ್ತಲಾರೆ. ಈಗ ಶ್ರೀಮಂತರ ಮನೆಗಳಲ್ಲಿ ಮೆಟ್ಟಿಲಿನ ಬದಲು ಲಿಫ್ಟ್ ಬಂದಿದೆಯಲ್ಲ, ನನ್ನನ್ನು ಮೇಲೆತ್ತುವ ಲಿಫ್ಟ್ ಯೇಸುವಿನ ತೋಳುಗಳೇ, ಅದಕ್ಕೆ ನಾನು ಬೆಳೆಯಬೇಕಿಲ್ಲ, ಚಿಕ್ಕವಳಾಗಿಯೇ ಇರಬೇಕು ಅನ್ನುತ್ತಾಳೆ. ಮಾರ್ಕ ಬರೆದ ಆ ಅಪ್ಪುಗೆ ನನಗೆ ಇಲ್ಲಿ ಕಾಣುತ್ತದೆ. ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದಳಂತೆ. ಎಚ್ಚರವಿದ್ದಾಗ ಹೇಗೋ ನಿದ್ದೆಯಲ್ಲೂ ಮಕ್ಕಳು ತಂದೆತಾಯಿಗೆ ಅಷ್ಟೇ ಇಷ್ಟ ಅಂತ ಸಮಾಧಾನ ಮಾಡಿಕೊಂಡಳು.

ಆದರೆ ಜನ ಅವಳನ್ನು ಗುಲಾಬಿ ಹಿಡಿದ ಮುದ್ದು ಹುಡುಗಿಯಾಗಿ ಮಾತ್ರ ನೋಡುತ್ತಾರೆ. 1896ರ ಈಸ್ಟರ್‌ನಿಂದ ಸಾಯುವವರೆಗೆ ಅವಳಿಗೆ ಸ್ವರ್ಗ ಇದೆ ಅನ್ನುವುದೇ ಕತ್ತಲಾಗಿತ್ತು. ಇದು ಪರದೆ ಅಲ್ಲ, ಆಕಾಶದವರೆಗೆ ಎದ್ದ ಗೋಡೆ ಅಂತ ಬರೆದಳು. ಸಂಶಯಪಡದವರ ನಂಬಿಕೆಯೇ ಮಗುವಿನ ನಂಬಿಕೆ ಅನ್ನುವುದಾದರೆ ಆ ದಾರಿ ತೋರಿಸಿದವಳಿಗೇ ಅದು ಇರಲಿಲ್ಲ ಅನ್ನಬೇಕಾಗುತ್ತದೆ. ಗೋಡೆಯ ಈಚೆ ಕೂತು ಅವಳು ಕರೆಯುತ್ತಲೇ ಇದ್ದಳು.

ಕೇರಿಯಿಂದ ಬಂದವನು:

ತಂಗಿ, ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಹೇಳ್ತೀನಿ. ಅನುಕೂಲವಂತರ ಮನೆಯಲ್ಲಿ ಹುಟ್ಟಿದವಳು ಚಿಕ್ಕವಳಾಗಿ ಇರ್ತೀನಿ ಅಂತ ಆರಿಸಿಕೊಳ್ಳಬಹುದು. ಕೊಳೆನೀರು ಮುಖಕ್ಕೆ ಬಿದ್ದಾಗ ಒರೆಸಿಕೊಳ್ಳದೆ ನಿಲ್ಲೋದು ಅವಳಿಗೆ ಪುಣ್ಯ. ನಮ್ಮಮ್ಮನಿಗೆ ಒರೆಸಿಕೊಳ್ಳುವ ಹಕ್ಕೇ ಇರಲಿಲ್ಲ. ಎರಡನ್ನೂ ಒಂದೇ ಹೆಸರಿಂದ ಕರೆಯಬೇಡಿ.

ಆದರೆ ಆ ‘ನಡುವೆ’ ಅನ್ನೋ ಪದ ಎರಡು ದಿನದಿಂದ ತಲೆಯಲ್ಲಿದೆ. ಇಷ್ಟು ವರ್ಷ ಆ ಕತೆಯಲ್ಲಿ ನಾನು ನಿಂತಿದ್ದು ಶಿಷ್ಯರ ಸಾಲಿನಲ್ಲಿ, ಬೈಸಿಕೊಳ್ಳುವವನ ಜಾಗದಲ್ಲಿ. ತಾತನನ್ನು ಕರೆದು ನಡುವೆ ನಿಲ್ಲಿಸಿದರು ಅಂತ ಯೋಚನೆ ಮಾಡಿದರೆ ಬೇರೆ ಥರ ಆಗುತ್ತೆ. ಇನ್ನೂ ಹೇಳೋಕೆ ಬರ್ತಿಲ್ಲ.

ಗುರುವಾರದ ಭಕ್ತೆ:

ನಿಮ್ಮ ಮಾತು ಸರಿ. ಒಪ್ಪುತ್ತೇನೆ. ಆ ಕೊಳೆನೀರಿನ ಕತೆಯನ್ನು ಯಾರ ಮುಂದೆ ಹೇಳುತ್ತೇನೆ ಅಂತ ಇನ್ನು ಮೇಲೆ ನೋಡಿ ಹೇಳುತ್ತೇನೆ.

ಹಳೆಯ ಕೀರ್ತನೆಗಾರ:

ವಯಸ್ಸು ಎಪ್ಪತ್ತೆರಡು, ಟೈಪ್ ಮಾಡುವುದು ನಿಧಾನ. 131ನೇ ಕೀರ್ತನೆಯನ್ನು ಯಾರೂ ಹೇಳಲಿಲ್ಲ, ಅದನ್ನು ಹೇಳಿ ಹೋಗುತ್ತೇನೆ. ಮೂರೇ ವಚನ. ನನ್ನ ಹೃದಯದಲ್ಲಿ ಗರ್ವವಿಲ್ಲ, ನನ್ನ ಅಳತೆಗೆ ಮೀರಿದ ಸಂಗತಿಗಳಲ್ಲಿ ಕೈಹಾಕುವುದಿಲ್ಲ ಅಂತ ಶುರುವಾಗಿ, ಮೊಲೆ ಬಿಡಿಸಿದ ಕೂಸು ತಾಯಿಯ ಹತ್ತಿರ ಇರುವಂತೆ ನನ್ನ ಪ್ರಾಣ ಶಾಂತವಾಗಿದೆ ಅನ್ನುತ್ತದೆ.

ಮೊಲೆ ಬಿಡಿಸಿದ ಕೂಸು. ಹಾಲು ಕುಡಿಯುವ ಕೂಸಲ್ಲ. ಆ ಕಾಲದ ಯೆಹೂದ್ಯರಲ್ಲಿ ಮೂರು ವರ್ಷದ ತನಕ ಹಾಲು ಕೊಡುತ್ತಿದ್ದದ್ದು ಮಕ್ಕಬಿಯರ ಎರಡನೇ ಪುಸ್ತಕದ ಒಬ್ಬ ತಾಯಿಯ ಮಾತಿನಲ್ಲಿ ಬರುತ್ತದೆ. ಬಿಡಿಸುವುದು ಅಂದರೆ ಏನು ಅಂತ ನಮ್ಮ ಕಡೆಯ ಹಳ್ಳಿಯ ಹೆಂಗಸರಿಗೆ ಗೊತ್ತು. ಬೇವಿನ ಸೊಪ್ಪು ಅರೆದು ಹಚ್ಚಿಕೊಳ್ಳುತ್ತಿದ್ದರು. ನನ್ನ ಹೆಂಡತಿ ನಮ್ಮ ಎರಡನೆಯವನಿಗೆ ಹಾಗೆ ಮಾಡಿದಾಗ ಅವನು ಬಾಯಿಟ್ಟು, ಮುಖ ಕಿವುಚಿ, ಅವಳ ಮುಖ ನೋಡಿ ಮೋಸ ಹೋದವನಂತೆ ಅತ್ತ. ಮೂರು ರಾತ್ರಿ ಅತ್ತ. ನಾಲ್ಕನೆಯ ದಿನ ಸಂಜೆ ಅವಳು ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ತಾನಾಗಿ ಬಂದು ತೊಡೆಯ ಮೇಲೆ ಕೂತ. ಹಾಲಿಗೆ ಕೈಹಾಕಲಿಲ್ಲ. ಸುಮ್ಮನೆ ಒರಗಿಕೊಂಡು ಮೊರದಲ್ಲಿದ್ದ ಅಕ್ಕಿಯನ್ನು ಬೆರಳಿನಿಂದ ಆಡಿಸುತ್ತಿದ್ದ.

ಕೀರ್ತನೆಕಾರನು ಹೇಳುವ ಶಾಂತಿ ಆ ನಾಲ್ಕನೆಯ ದಿನದ್ದು. ಅದಕ್ಕೆ ಮುಂಚೆ ಮೂರು ರಾತ್ರಿ ಇವೆ. ನಿಮ್ಮ ಹುಡುಗಿ ಇನ್ನೂ ಮೂರು ರಾತ್ರಿಯೊಳಗಿದ್ದಾಳೆ ಟೀಚರಮ್ಮ, ಅವಸರ ಮಾಡಬೇಡಿ.

ಭಾನುವಾರದ ಟೀಚರ್:

ಎಲ್ಲರಿಗೂ ತಡವಾಗಿ ಬರೆಯುತ್ತಿದ್ದೇನೆ. ಭಾನುವಾರ ಆಯಿತು.

ಹೋಗುವುದಕ್ಕೆ ಮುಂಚೆ, ಶನಿವಾರವೇ ಆ ಹಿರಿಯರ ಮನೆಗೆ ಹೋಗಿದ್ದೆ. ಅವಳು ಕೇಳಿದ ಪ್ರಶ್ನೆಯನ್ನು ಇದ್ದ ಹಾಗೆ ಹೇಳಿದೆ, ಒಂದು ಮಾತೂ ಸೇರಿಸಲಿಲ್ಲ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಧೈರ್ಯ ಕೊಡಬೇಕು ಅಂತಲೇ ಹೇಳಿದ್ದು” ಅಂದರು. ಗೊತ್ತು ಅಂದೆ. ಅಷ್ಟೇ ಮಾತಾಡಿ ಬಂದೆ.

ಆರಾಧನೆ ಮುಗಿದ ಮೇಲೆ ನಮ್ಮ ತರಗತಿಯ ಬಾಗಿಲಿಗೆ ಬಂದರು. ಮಕ್ಕಳೆಲ್ಲ ಚಾಪೆಯ ಮೇಲೆ ಕೂತಿದ್ದರು. ಅವಳ ಹತ್ತಿರ ಬಗ್ಗೋಕೆ ನೋಡಿದರು, ಮೊಣಕಾಲು ನೋವಿನವರು, ಆಗಲಿಲ್ಲ. ಅವಳೇ ಎದ್ದು ಹೋಗಿ ಮೂಲೆಯಲ್ಲಿದ್ದ ಚಿಕ್ಕ ಸ್ಟೂಲು ತಂದಿಟ್ಟಳು. ಅವರು ಕೂತ ಮೇಲೆ ಇಬ್ಬರ ಮುಖ ಒಂದೇ ಎತ್ತರಕ್ಕೆ ಬಂತು. “ನಾನು ಹಾಗೆ ಹೇಳಬಾರದಿತ್ತು ಕಣಮ್ಮ. ನಿನ್ನ ಪ್ರಾರ್ಥನೆ ಚೆನ್ನಾಗಿಯೇ ಇತ್ತು. ಅಜ್ಜ ಯಾಕೆ ಹೋದರು ಅಂತ ನನಗೂ ಗೊತ್ತಿಲ್ಲ. ಅವರು ನನ್ನ ಸ್ನೇಹಿತರು” ಅಂದರು. ಅವಳು, “ಹಾಗಾದ್ರೆ ನಿಮಗೂ ಬೇಜಾರಾಗಿದೆಯಾ?” ಅಂತ ಕೇಳಿದಳು. ಹೌದು ಅಂದರು. ಪಾಠ ಮುಗಿಯೋವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

5ನೇ ವಚನವನ್ನೂ ಓದಿಸಿದೆ. ಮುಂದಿನ ವಾರ ಮಾರ್ಕ 10, ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿಸಿದ್ದು, ಅದಕ್ಕೆ ಯೇಸುವಿಗೆ ಸಿಟ್ಟು ಬಂದದ್ದು. ಬಣ್ಣ ಹಚ್ಚೋಕೆ ನನ್ನ ಹತ್ರ ಇರುವುದು ಅದೇ ಹೊಂಗೂದಲಿನ ಚಿತ್ರ. ಬೇರೆ ಯಾರ ಹತ್ರವಾದರೂ ಇದ್ದರೆ ಕಳಿಸ್ತೀರಾ? ನಮ್ಮ ಮಕ್ಕಳ ಹಾಗಿರೋ ಮಕ್ಕಳು ಇರೋದು.

ಕೇರಿಯಿಂದ ಬಂದವನು:

ನನ್ನ ಮಗಳು ಚಿತ್ರ ಬಿಡಿಸುತ್ತಾಳೆ, ಏಳನೇ ಕ್ಲಾಸು. ಇವತ್ತು ರಾತ್ರಿ ಕೂರಿಸ್ತೀನಿ. ನಡುವೆ ಒಬ್ಬ ಮುದುಕನನ್ನೂ ಬಿಡಿಸಲಾ ಅಪ್ಪ ಅಂತಿದ್ದಾಳೆ, ಮುತ್ತಾತನ ಫೋಟೋ ಇಟ್ಟುಕೊಂಡು, ಹೆಗಲ ಮೇಲೆ ಟವೆಲು ಇರೋ ಹಾಗೆ. ಪರವಾಗಿಲ್ಲ ತಾನೇ?

ಭಾನುವಾರದ ಟೀಚರ್:

ಬಿಡಿಸಲಿ. ಎಷ್ಟು ಹೊತ್ತಾದರೂ ಕಾಯ್ತೀನಿ. ಇಪ್ಪತ್ತಮೂರು ಪ್ರತಿ ಬೇಕು, ಆ ಹಿರಿಯರಿಗೂ ಸೇರಿ.